ಸಂಘದ ಸಭೆಯಲ್ಲಿ ಮರಣದಂಡನೆಯ ಚರ್ಚೆ: ಕೂಗಾಟವಾಗದಂತೆ ನಡೆಸುವ ಬಗೆ

‘ಮರಣದಂಡನೆ ಬೇಕೇ, ಬೇಡವೇ?’ ಎಂದು ಬ್ಯಾನರ್ ಬರೆಸಿದರೆ ಚರ್ಚೆ ಅಲ್ಲಿಗೇ ಅರ್ಧ ಕೆಟ್ಟಿತು. ಒಂದು ಕಡೆಯವರು ಸತ್ತವಳ ತಾಯಿಯ ಕಣ್ಣೀರು ಎತ್ತುತ್ತಾರೆ, ಇನ್ನೊಂದು ಕಡೆಯವರು ಬುದ್ಧ, ಗಾಂಧಿ ಅನ್ನುತ್ತಾರೆ. ಹತ್ತು ನಿಮಿಷದಲ್ಲಿ ಇಬ್ಬರ ಸರಕೂ ಖಾಲಿ. ಮುಂಬಯಿ, ಪುಣೆ, ಗೋವಾದ ಕನ್ನಡ ಸಂಘಗಳಲ್ಲಿ ಈ ವಿಷಯ ಇಟ್ಟುಕೊಳ್ಳುವವರು ಮೊದಲು ಸರಿಮಾಡಬೇಕಾದ್ದು ಪ್ರಶ್ನೆಯನ್ನೇ.

ಗೊತ್ತುವಳಿಯನ್ನು ಹೀಗೆ ಬರೆಯಿರಿ: ‘ಭಯೋತ್ಪಾದನೆ ಮತ್ತು ದೇಶದ ವಿರುದ್ಧ ಯುದ್ಧ ಸಾರುವ ಅಪರಾಧಗಳನ್ನು ಬಿಟ್ಟು ಉಳಿದೆಲ್ಲಕ್ಕೂ ಮರಣದಂಡನೆ ತೆಗೆಯಬೇಕು, ಅದರ ಜಾಗದಲ್ಲಿ ಬಿಡುಗಡೆಯಿಲ್ಲದ ಜೀವಾವಧಿ ಶಿಕ್ಷೆ ಇರಬೇಕು.’ ಮೊದಲರ್ಧ ಕಾನೂನು ಆಯೋಗ 2015ರಲ್ಲಿ ತನ್ನ 262ನೇ ವರದಿಯಲ್ಲಿ ಮಾಡಿದ ಶಿಫಾರಸು. ಇದೇ ಆಯೋಗ 1967ರ 35ನೇ ವರದಿಯಲ್ಲಿ ಗಲ್ಲು ಇರಲಿ ಎಂದಿತ್ತು, ಹಾಗಾಗಿ ಎರಡೂ ಪಕ್ಷಕ್ಕೆ ಒಂದೊಂದು ವರದಿ ಕೈಗೆ ಸಿಗುತ್ತದೆ. ಭಯೋತ್ಪಾದನೆಯನ್ನು ಹೊರಗಿಡದಿದ್ದರೆ ಮುಂಬಯಿಯ ಸಭೆ ಐದನೇ ನಿಮಿಷಕ್ಕೆ 26/11ರ ದಾಳಿಕೋರ ಕಸಬ್‌ಗೆ ಹೋಗಿ ಅಲ್ಲೇ ಕೂತುಬಿಡುತ್ತದೆ.

ದ್ವಿತೀಯಾರ್ಧ ಇನ್ನೂ ಮುಖ್ಯ. ‘ಜೀವಾವಧಿ ಅಂದರೆ ಹದಿನಾಲ್ಕು ವರ್ಷ’ ಎಂದು ಸಭೆಯಲ್ಲಿ ಒಬ್ಬರಾದರೂ ಹೇಳೇ ಹೇಳುತ್ತಾರೆ. ಅದು ತಪ್ಪು. ಜೀವಾವಧಿ ಎಂದರೆ ಉಸಿರಿರುವ ತನಕ ಎಂದು ಸುಪ್ರೀಂ ಕೋರ್ಟ್ 1961ರಲ್ಲೇ, ಗಾಂಧಿ ಹತ್ಯೆಯ ಸಂಚಿನಲ್ಲಿ ಶಿಕ್ಷೆಯಾಗಿದ್ದ ಗೋಪಾಲ ಗೋಡ್ಸೆಯ ಅರ್ಜಿಯಲ್ಲಿ, ಹೇಳಿದೆ. ಮರಣದಂಡನೆಗೆ ಅವಕಾಶವಿರುವ ಅಪರಾಧದಲ್ಲಿ ಜೀವಾವಧಿ ಬಿದ್ದರೆ ಹದಿನಾಲ್ಕು ವರ್ಷ ಮುಗಿಯುವ ಮುನ್ನ ಸರ್ಕಾರ ಬಿಡುವಂತಿಲ್ಲ ಎಂಬುದು ಬೇರೆ ನಿಯಮ. ಆಮೇಲೆ ಬಿಡಲೇಬೇಕು ಎಂದು ಅದರ ಅರ್ಥವಲ್ಲ. ಗಲ್ಲಿಗೂ ಜೀವಾವಧಿಗೂ ನಡುವೆ ‘ಬಿಡುಗಡೆಯಿಲ್ಲದ ಜೀವಾವಧಿ’ ಎಂಬ ಮೆಟ್ಟಿಲನ್ನು ಸುಪ್ರೀಂ ಕೋರ್ಟು ಕಟ್ಟಿದ್ದು ನಮ್ಮ ಬೆಂಗಳೂರಿನ, ಹೆಂಡತಿಯನ್ನು ಕೊಂದ ಶ್ರದ್ಧಾನಂದನ ಪ್ರಕರಣದಲ್ಲಿ, 2008ರಲ್ಲಿ. 2015ರಲ್ಲಿ ಸಂವಿಧಾನ ಪೀಠ ಅದನ್ನು ಎತ್ತಿಹಿಡಿದು, ಇಂಥ ಶಿಕ್ಷೆ ಕೊಡುವ ಅಧಿಕಾರ ಹೈಕೋರ್ಟು ಮತ್ತು ಸುಪ್ರೀಂ ಕೋರ್ಟಿಗೆ ಮಾತ್ರ ಎಂದಿತು. ನಿರ್ವಾಹಕರು ಆರಂಭದಲ್ಲೇ ಇಷ್ಟನ್ನು ಓದಿ ಹೇಳಿಬಿಟ್ಟರೆ ಅರ್ಧ ಗಂಟೆ ಉಳಿಯುತ್ತದೆ.

ಪಕ್ಷಕ್ಕೆ ಮೂವರಂತೆ ಆರು ಜನ ಸಾಕು. ಮೂವರೂ ಎಲ್ಲವನ್ನೂ ಮಾತಾಡಬಾರದು: ಒಬ್ಬರಿಗೆ ನೀತಿ, ಒಬ್ಬರಿಗೆ ಕಾನೂನು, ಒಬ್ಬರಿಗೆ ಜಾರಿ. ನೀತಿಯ ಬಗ್ಗೆ ಪರವಾಗಿ ಮಾತಾಡುವವರು, ವಿರೋಧವಾಗಿ ಮಾತಾಡುವವರು ಬೆನ್ನುಬೆನ್ನಿಗೆ ಬರಲಿ. ಆಗಲೇ ಮಾತಿಗೆ ಮಾತು ತಾಗುವುದು. ತಲಾ ಆರು ನಿಮಿಷ, ಮರುವಾದಕ್ಕೆ ಎರಡು. ತಯಾರಿಗೆ ಮೂರು ವಾರ ಕೊಡಿ. ಭಾನುವಾರ ಬೇಡ. ಹಳಿ ದುರಸ್ತಿಗೆಂದು ಲೋಕಲ್ ರೈಲು ನಿಲ್ಲಿಸುವ ಮೆಗಾಬ್ಲಾಕ್ ದಿನ ಡೊಂಬಿವಲಿ, ಪನ್ವೇಲ್ ಕಡೆಯವರು ಬರುವುದೇ ಇಲ್ಲ.

ಕಾನೂನಿನ ಭಾಷಣಕಾರರು ಕಡ್ಡಾಯವಾಗಿ ಓದಬೇಕಾದ್ದು ಸುಪ್ರೀಂ ಕೋರ್ಟಿನ 1980ರ ಬಚನ್ ಸಿಂಗ್ ತೀರ್ಪು. ಐವರು ನ್ಯಾಯಮೂರ್ತಿಗಳಲ್ಲಿ ನಾಲ್ವರು ಮರಣದಂಡನೆ ಸಂವಿಧಾನಬದ್ಧ ಎಂದರು, ಆದರೆ ‘ಅಪರೂಪದಲ್ಲಿ ಅಪರೂಪ’ದ ಪ್ರಕರಣಕ್ಕೆ ಮಾತ್ರ. ನ್ಯಾಯಮೂರ್ತಿ ಪಿ.ಎನ್. ಭಗವತಿಯವರ ಭಿನ್ನಮತ 1982ರಲ್ಲಿ ಬಂತು: ಯಾವ ಪೀಠದ ಮುಂದೆ ಬಿದ್ದೆವು ಎಂಬುದರ ಮೇಲೆ ಜೀವ ನಿಲ್ಲುವುದು ಸಮಾನತೆಗೆ ವಿರುದ್ಧ ಎಂಬುದು ಅದರ ತಿರುಳು. ಬಹುಮತದ ತೀರ್ಪನ್ನು ಉದ್ಧರಿಸುವವರು ಹೆಚ್ಚಾಗಿ ಅಪರಾಧದ ಕ್ರೌರ್ಯಕ್ಕೆ ನಿಂತುಬಿಡುತ್ತಾರೆ. ತೀರ್ಪು ಅಪರಾಧಿಯನ್ನೂ ನೋಡು ಅನ್ನುತ್ತದೆ: ಅವನ ವಯಸ್ಸು, ಮನಃಸ್ಥಿತಿ, ಸುಧಾರಿಸುವ ಸಾಧ್ಯತೆ. ಸುಧಾರಣೆ ಸಾಧ್ಯವಿಲ್ಲ ಎಂದು ಸಾಕ್ಷ್ಯದಿಂದ ತೋರಿಸುವ ಹೊಣೆ ಸರ್ಕಾರದ್ದು. ಇದು ಕಾಗದದಲ್ಲೇ ಉಳಿಯಿತೆಂದೇ ಅದೇ ಕೋರ್ಟಿನ 2022ರ ಮನೋಜ್ ತೀರ್ಪು ಜೈಲಿನ ನಡತೆ ಮತ್ತು ಮಾನಸಿಕ ಸ್ಥಿತಿಯ ವರದಿಗಳನ್ನು ವಿಚಾರಣಾ ನ್ಯಾಯಾಲಯದ ಹಂತದಲ್ಲೇ ತರಿಸಿಕೊಳ್ಳಬೇಕು ಎಂದಿತು. ಸೆಕ್ಷನ್ ಸಂಖ್ಯೆ ಹೇಳುವವರು ಹೊಸದನ್ನು ಹೇಳಲಿ. 2024ರ ಜುಲೈ 1ರಿಂದ ಕೊಲೆಗೆ 302 ಅಲ್ಲ, ಭಾರತೀಯ ನ್ಯಾಯ ಸಂಹಿತೆಯ 103.

ಜಾರಿಯ ಭಾಷಣ ಕಡತದ ದಾರಿ ಹಿಡಿಯಬೇಕು. ಸೆಷನ್ಸ್ ಕೋರ್ಟು ಗಲ್ಲು ಕೊಟ್ಟರೂ ಹೈಕೋರ್ಟು ದೃಢಪಡಿಸದೆ ಜಾರಿಯಿಲ್ಲ. ಆಮೇಲೆ ಸುಪ್ರೀಂ ಕೋರ್ಟು, ಮರುಪರಿಶೀಲನೆ (2014ರಿಂದ ಗಲ್ಲಿನ ಪ್ರಕರಣಗಳಲ್ಲಿ ಇದು ತೆರೆದ ನ್ಯಾಯಾಲಯದಲ್ಲೇ ನಡೆಯಬೇಕು), ರಾಜ್ಯಪಾಲರು, ರಾಷ್ಟ್ರಪತಿ. ಕ್ಷಮಾದಾನದ ಅರ್ಜಿ ತಿರಸ್ಕೃತವಾದ ಸುದ್ದಿ ಕೈದಿಗೆ ತಲುಪಿದ ಮೇಲೂ 14 ದಿನ ಬಿಡಬೇಕು.

ಈ ದಾರಿ ಎಲ್ಲಿ ಕುಸಿಯುತ್ತದೆ ಎಂಬುದಕ್ಕೆ ದೂರ ಹೋಗಬೇಕಿಲ್ಲ, ಪುಣೆಯ ಬಿಪಿಒ ಉದ್ಯೋಗಿಯ ಕೊಲೆ ಪ್ರಕರಣವೇ ಇದೆ. ಕೃತ್ಯ 2007ರದು, ಸೆಷನ್ಸ್ ತೀರ್ಪು 2012ರದು, ಸುಪ್ರೀಂ ಕೋರ್ಟಿನ ಮುದ್ರೆ 2015ರಲ್ಲಿ. ರಾಷ್ಟ್ರಪತಿ ಅರ್ಜಿ ತಳ್ಳಿದ್ದು 2017ರಲ್ಲಿ. ನೇಣಿಗೆ ದಿನ ಗೊತ್ತಾದದ್ದು ಮಾತ್ರ 2019ರಲ್ಲಿ! ನಡುವೆ ಕಡತ ಮೇಜಿನಿಂದ ಮೇಜಿಗೆ ಅಲೆದದ್ದನ್ನು ಬಾಂಬೆ ಹೈಕೋರ್ಟು ಲೆಕ್ಕ ಹಾಕಿ, ಕಾರಣವಿಲ್ಲದ ವಿಳಂಬವೇ ಸಾಕು ಎಂದು ಗಲ್ಲನ್ನು 35 ವರ್ಷದ ಸೆರೆಗೆ ಇಳಿಸಿತು. 2024ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಅದನ್ನೇ ಒಪ್ಪಿತು. ಅಪರಾಧ ಸಾಬೀತಾದದ್ದು ಬದಲಾಗಲಿಲ್ಲ ಎಂಬುದನ್ನು ಒತ್ತಿ ಹೇಳಬೇಕು, ಇಲ್ಲದಿದ್ದರೆ ಸಭಿಕರು ‘ಬಿಟ್ಟುಬಿಟ್ಟರು’ ಎಂದುಕೊಂಡು ಮನೆಗೆ ಹೋಗುತ್ತಾರೆ. ಕುತೂಹಲವೆಂದರೆ ಈ ಪ್ರಕರಣ ಎರಡೂ ಪಕ್ಷಕ್ಕೆ ಒದಗುತ್ತದೆ. ಕಚೇರಿ ಸರಿಮಾಡಿ, ಶಿಕ್ಷೆ ತೆಗೆಯಬೇಡಿ ಎಂದು ಒಬ್ಬರು. ಇಂಥ ಕಚೇರಿಯ ಕೈಗೆ ನೇಣಿನ ಹಗ್ಗ ಕೊಡುತ್ತೀರಾ ಎಂದು ಇನ್ನೊಬ್ಬರು.

ನೀತಿಯ ಭಾಗವೇ ಕಷ್ಟದ್ದು. ಗಲ್ಲು ಇರಲಿ ಎನ್ನುವವರು ‘ಹೆದರಿಕೆ ಹುಟ್ಟುತ್ತದೆ’ ಎಂಬುದನ್ನು ನಂಬಿಕೊಳ್ಳದಿದ್ದರೆ ಒಳ್ಳೆಯದು. ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿ 2012ರಲ್ಲಿ ಮೂರು ದಶಕಗಳ ಅಧ್ಯಯನಗಳನ್ನು ಜಾಲಾಡಿ, ಗಲ್ಲಿನಿಂದ ಕೊಲೆ ಹೆಚ್ಚುತ್ತದೋ ತಗ್ಗುತ್ತದೋ ಇವುಗಳಿಂದ ಹೇಳಲಾಗದು ಎಂದಿತು. ಗಲ್ಲು ಇರಲಿ ಎನ್ನುವವರ ಗಟ್ಟಿ ವಾದ ಬೇರೆಯೇ: ಕೆಲವು ಕೃತ್ಯಗಳಿಗೆ ಅದಕ್ಕಿಂತ ಕಡಿಮೆ ಶಿಕ್ಷೆ ಕೊಟ್ಟರೆ ಸತ್ತವರ ಬದುಕಿಗೆ ಸಮಾಜ ಬೆಲೆ ಕೊಟ್ಟಂತಾಗುವುದಿಲ್ಲ. ಗಲ್ಲಿನ ವಿರೋಧಿಗಳೂ ಕಣ್ಣಿಗೆ ಕಣ್ಣು ಎಂಬ ಗಾದೆ ಬಿಟ್ಟು ಮಹಾರಾಷ್ಟ್ರದ ಒಂದು ಪ್ರಕರಣ ಹಿಡಿಯಲಿ. 2009ರಲ್ಲಿ ಸುಪ್ರೀಂ ಕೋರ್ಟು ಆರು ಜನಕ್ಕೆ ಗಲ್ಲು ಖಾಯಂ ಮಾಡಿತು. ಅವರಲ್ಲಿ ಮೂವರಿಗೆ ಹೈಕೋರ್ಟು ಜೀವಾವಧಿ ಕೊಟ್ಟಿದ್ದನ್ನು ತಾನೇ ಗಲ್ಲಿಗೆ ಏರಿಸಿತ್ತು. 2019ರ ಮಾರ್ಚ್‌ನಲ್ಲಿ ಅದೇ ಸುಪ್ರೀಂ ಕೋರ್ಟು ಆರೂ ಜನರನ್ನು ಖುಲಾಸೆ ಮಾಡಿ ತಲಾ 5 ಲಕ್ಷ ರೂಪಾಯಿ ಪರಿಹಾರ ಕೊಡಿಸಿತು. ‘ಆರೋಪಿಗೆ ಎಷ್ಟು ಅವಕಾಶ ಕೊಡುತ್ತಾರಪ್ಪಾ’ ಎಂದು ಗೊಣಗುವವರಿಗೆ ಇದಕ್ಕಿಂತ ನೇರ ಉತ್ತರ ಇಲ್ಲ. ಗೋವಾದ ಸಂಘದವರು ಪೋರ್ಚುಗಲ್ ಸಾಮಾನ್ಯ ಅಪರಾಧಗಳಿಗೆ ಗಲ್ಲನ್ನು 1867ರಲ್ಲೇ ತೆಗೆದದ್ದನ್ನು ಸೇರಿಸಿಕೊಳ್ಳಬಹುದು.

ಕಸಬ್‌ಗೆ ಜೈಲಿನಲ್ಲಿ ಬಿರಿಯಾನಿ ಹಾಕಿದರು ಎಂಬ ಮಾತು ಬಂದೇ ಬರುತ್ತದೆ: ‘ನಮ್ಮ ತೆರಿಗೆಯಲ್ಲಿ ಕೂತು ತಿನ್ನಿಸಬೇಕಾ?’ ಕಸಬ್ ಬಿರಿಯಾನಿ ಕೇಳಿರಲೂ ಇಲ್ಲ, ಕೊಟ್ಟಿರಲೂ ಇಲ್ಲ, ಅದು ತಾನೇ ಕಟ್ಟಿದ ಮಾತು ಎಂದು ಆ ಪ್ರಕರಣದಲ್ಲಿ ಸರ್ಕಾರಿ ವಕೀಲರಾಗಿದ್ದ ಉಜ್ವಲ್ ನಿಕಂ 2015ರಲ್ಲಿ ಬಹಿರಂಗವಾಗಿ ಹೇಳಿದ್ದಾರೆ. ನಿರ್ವಾಹಕರು ಇದನ್ನು ಒಂದು ಚೀಟಿಯಲ್ಲಿ ಬರೆದು ಜೇಬಿನಲ್ಲಿಟ್ಟುಕೊಂಡಿರಲಿ. ಸತ್ತ ಹೆಣ್ಣುಮಕ್ಕಳ ಹೆಸರು, ಶವದ ವರ್ಣನೆ ವೇದಿಕೆಯಲ್ಲಿ ಬೇಡ ಎಂಬ ನಿಯಮವನ್ನು ಮುಂಚೆಯೇ ಎಲ್ಲರಿಗೂ ತಿಳಿಸಿ. ಅತ್ಯಾಚಾರದ ಪ್ರಕರಣದಲ್ಲಿ ಹೆಸರು ಹೇಳುವುದು ಕಾನೂನಿನ ಪ್ರಕಾರವೇ ಅಪರಾಧ.

ಕೈ ಎತ್ತಿಸಿ ಮತ ಎಣಿಸಬೇಡಿ; ಪಕ್ಕದಲ್ಲಿ ಕೂತ ಮಾವನ ಮುಖ ನೋಡಿ ಕೈ ಇಳಿಯುತ್ತದೆ. ಒಳಬರುವಾಗ ಒಂದು ಬಿಳಿ ಚೀಟಿ, ಹೊರಹೋಗುವಾಗ ಒಂದು ಹಳದಿ ಚೀಟಿ ಕೊಡಿ, ಎರಡರ ಮೇಲೂ ಒಂದೇ ಸಂಖ್ಯೆ ಇರಲಿ. ಎಷ್ಟು ಜನ ಪರ ಎಂಬುದಕ್ಕಲ್ಲ, ಎಷ್ಟು ಜನ ಕಡೆ ಬದಲಿಸಿದರು ಎಂಬುದಕ್ಕೆ ಬಹುಮಾನ. ಹಳದಿ ಚೀಟಿಯ ಕೆಳಗೆ ಒಂದು ಸಾಲು ಖಾಲಿ ಬಿಡಿ: ಯಾವ ವಾದಕ್ಕೆ ಉತ್ತರ ಸಿಗಲಿಲ್ಲ? ಮುಂದಿನ ತಿಂಗಳ ಸಭೆಗೆ ವಕೀಲರನ್ನು ಕರೆಯುವುದಾದರೆ ಅವರ ಕೈಗೆ ಈ ಚೀಟಿಗಳನ್ನೇ ಕೊಡಬಹುದು.