ಬೆಂಡ್ ಮಾಡಿದರೆ ಅಪಸ್ವರ ಬರುತ್ತಿದೆಯೇ?

ವಿರಾಜಪೇಟೆಯಲ್ಲಿ ಹುಡುಗರಿಗೆ ಗಿಟಾರ್ ಹೇಳಿಕೊಡುತ್ತೇನೆ. ಕಾರ್ಡ್‌ಗಳನ್ನು (ಒಟ್ಟಿಗೆ ನುಡಿಸುವ ಸ್ವರಗುಚ್ಛ) ತಿಂಗಳೊಳಗೆ ಹಿಡಿಯುತ್ತಾರೆ. ಬೆಂಡ್, ಅಂದರೆ ಒತ್ತಿದ ತಂತಿಯನ್ನು ಪಕ್ಕಕ್ಕೆ ನೂಕಿ ಸ್ವರ ಏರಿಸುವುದು, ಅಂದೆನೋ, ತುಟಿ ಕಚ್ಚಿಕೊಂಡು ಒಂದೇ ಬೆರಳಲ್ಲಿ ತಂತಿ ನೂಕುತ್ತಾರೆ. ಸ್ವರ ಅರ್ಧ ದಾರಿಯಲ್ಲೇ ನಿಲ್ಲುತ್ತದೆ, ಬೇಸುರ!

ಮೊದಲು ತಂತಿ. ಎಲೆಕ್ಟ್ರಿಕ್ ಗಿಟಾರಿಗೆ 0.009 ಇಂಚಿನ ಸೆಟ್ (ಅತಿ ತೆಳು ತಂತಿಯ, ಅಂದರೆ ಮೊದಲನೆಯದರ, ದಪ್ಪ ಇದು) ಹಾಕಿ, ಬೇರೆ ಮಾತೇ ಬೇಡ. ಅಕೌಸ್ಟಿಕ್‌ನ 0.012 ಸೆಟ್‌ನಲ್ಲಿ ಸಾಮಾನ್ಯವಾಗಿ ಮೂರನೇ ತಂತಿಗೂ ಲೋಹ ಸುತ್ತಿರುತ್ತದೆ, ಅದರಲ್ಲಿ ಕಲಿಯಲು ಹೊರಟರೆ ಬೆರಳು ಹಾಳು. ನಮ್ಮ ಮಳೆಗಾಲಕ್ಕೆ ತಂತಿ ಬೇಗ ತುಕ್ಕು ಹಿಡಿಯುತ್ತದೆ, ತುಕ್ಕಿನ ತಂತಿ ಗರಗಸದಂತೆ ಚರ್ಮ ಕೊರೆಯುತ್ತದೆ. ಹಾಗಂತ ಗಿಟಾರನ್ನು ಒಲೆ ಪಕ್ಕ ಒಣಗಿಸಲು ಇಡಬೇಡಿ, ಕತ್ತು ಬಾಗುತ್ತದೆ.

ಟ್ಯೂನ್ ಮಾಡಿ ಕೂತುಕೊಳ್ಳಿ.

ಈಗ ಕಿವಿಗೆ ಗುರಿ ಕೊಡಿ. ಮೂರನೇ ತಂತಿಯ 9ನೇ ಫ್ರೆಟ್ (ಕತ್ತಿನ ಮೇಲಿನ ಅಡ್ಡ ಲೋಹಪಟ್ಟಿ) ಒತ್ತಿ ಮೀಟಿ, ಆ ಸ್ವರವನ್ನು ಬಾಯಲ್ಲಿ ಗುನುಗಿ. ನಂತರ 7ನೇ ಫ್ರೆಟ್ ಒತ್ತಿ, ಅಲ್ಲಿಂದ ಅದೇ ಸ್ವರಕ್ಕೆ ಏರಿಸಿ. ಎರಡನೇ ತಂತಿಯ 5ನೇ ಫ್ರೆಟ್ಟಿನಲ್ಲೂ ಅದೇ ಸ್ವರವಿದೆ, ಹೋಲಿಸಿ ನೋಡಬಹುದು. ತಂತಿಗಳ ಬುಡ ಹಿಡಿಯುವ ಬ್ರಿಡ್ಜ್ ಸ್ಪ್ರಿಂಗ್ ಮೇಲೆ ತೇಲುವ ಟ್ರೆಮೊಲೊ ಬಗೆಯದಾದರೆ ಎರಡನ್ನೂ ಒಟ್ಟಿಗೆ ಮೀಟಬೇಡಿ: ಒಂದು ತಂತಿ ಏರಿದರೆ ಉಳಿದವು ಇಳಿಯುತ್ತವೆ.

ಎಲ್ಲರೂ ಎಡವುವುದು ಇನ್ನು ಮುಂದೆ. 7ನೇ ಫ್ರೆಟ್ ಮೇಲೆ ಉಂಗುರ ಬೆರಳು, ಅದರ ಹಿಂದೆ ಅದೇ ತಂತಿಯ ಮೇಲೆ ನಡುಬೆರಳು, ತೋರುಬೆರಳು. ಮೂರೂ ಸೇರಿ ನೂಕಬೇಕು. ಹೆಬ್ಬೆರಳು ಕತ್ತಿನ ಮೇಲಿಂದ ಇಣುಕಲಿ, ತೋರುಬೆರಳಿನ ಬುಡ ಕತ್ತಿನ ಕೆಳ ಅಂಚಿಗೆ ಒರಗಲಿ. ಬೆರಳು ಹೆಚ್ಚು ಮಡಚದೆ, ಬೀಗಕ್ಕೆ ಕೀ ಹಾಕಿ ತಿರುಗಿಸುವಂತೆ ಮಣಿಕಟ್ಟನ್ನು ತಿರುಗಿಸಿ, ತಂತಿ ತಾನಾಗಿ ಮೇಲೇರುತ್ತದೆ. ಪಕ್ಕದ ತಂತಿ ಉಗುರಿನಡಿ ಸಿಕ್ಕಿ ಟಣ್ ಎಂದರೆ, ತೋರುಬೆರಳ ತುದಿಯನ್ನು ಅದಕ್ಕೆ ತಾಗಿಸಿ ಸುಮ್ಮನಾಗಿಸಿ. ಬೆರಳಿಗೆ ಶಕ್ತಿ ಬರಲೆಂದು ಮಾರುವ ಸ್ಪ್ರಿಂಗ್ ಆಟಿಕೆಗಳಿಗೆ ದುಡ್ಡು ಹಾಕಬೇಡಿ, ಬೇಕಿರುವುದು ಶಕ್ತಿಯಲ್ಲ, ಹಿಡಿತ. ಮೊದಲ ತಂತಿಯನ್ನು ಮೇಲಕ್ಕೆ ನೂಕಿ, ಆರನೆಯದನ್ನು ಕೆಳಕ್ಕೆ ಎಳೆಯಿರಿ. ತಿರುಗಾಮುರುಗಾ ಮಾಡಿದರೆ ಕತ್ತಿನಿಂದಲೇ ಜಾರುತ್ತದೆ.

ವೈಬ್ರಾಟೊ, ಅಂದರೆ ಸ್ವರವನ್ನು ಅಲುಗಿಸುವುದು, ಇದೇ ಚಲನೆಯ ಸಣ್ಣ ರೂಪ. ವೀಣೆಯಲ್ಲಿ ತಂತಿಯನ್ನು ಪಕ್ಕಕ್ಕೆ ಎಳೆದು ಗಮಕ ಹಾಡಿಸುವುದನ್ನು ಕೇಳಿದವರಿಗೆ ಬೇಗ ಅರ್ಥವಾಗುತ್ತದೆ. ಅಮೆರಿಕದ ಬ್ಲೂಸ್ ಗಿಟಾರ್ ವಾದಕ ಬಿ.ಬಿ. ಕಿಂಗ್ ತಮಗೆ ಸ್ಲೈಡ್ (ತಂತಿಯ ಮೇಲೆ ಕೊಳವೆ ಜಾರಿಸಿ ನುಡಿಸುವುದು) ಹಿಡಿತಕ್ಕೆ ಬರದಿದ್ದಾಗ, ಅದರ ನಾದವನ್ನು ಅನುಕರಿಸುತ್ತ ತಮ್ಮದೇ ಅಲುಗು ಕಂಡುಕೊಂಡವರು. ತಾಳ ಬಡಿಯುವ ಮೆಟ್ರೊನೋಮನ್ನು ನಿಮಿಷಕ್ಕೆ 60ಕ್ಕೆ ಇಟ್ಟು ಬಡಿತಕ್ಕೆ ಎರಡು, ಆಮೇಲೆ ಮೂರು, ನಾಲ್ಕು ಅಲುಗು. ಪ್ರತಿ ಸಲ ಮೂಲ ಸ್ವರಕ್ಕೆ ಪೂರ್ತಿ ಮರಳಬೇಕು. ಆತುರಕ್ಕೆ ಮೇಲೇ ಉಳಿದರೆ ನೊಣದ ಗುಂಯ್‌ಗುಡುವಿಕೆ ಆಗುತ್ತದೆ.

ದಿನಕ್ಕೆ ಹತ್ತು ನಿಮಿಷ ಸಾಕು. ತುದಿ ಉರಿದರೆ ಅಂದಿಗೆ ನಿಲ್ಲಿಸಿ, ಒಣಬಟ್ಟೆಯಲ್ಲಿ ತಂತಿಗಳ ಅಡಿಭಾಗವನ್ನೂ ಒರೆಸಿಡಿ.