ಅಡಿಕೆ ಸುಲಿದದ್ದನ್ನೂ ಬರೆಸಿದೆ: ಕಾಲೇಜು ಅರ್ಜಿಯ ನನ್ನ ಅನುಭವ

ಈ ವರ್ಷ ನಾನು ಜೊತೆಗೆ ಕೂತು ಅರ್ಜಿ ತುಂಬಿಸಿದ ಮಕ್ಕಳು ಏಳು ಜನ. ಐದು ಜನಕ್ಕೆ ಸೀಟು ಸಿಕ್ಕಿತು, ಅದರಲ್ಲಿ ಇಬ್ಬರಿಗೆ ಫೀಸು ಪೂರ್ತಿ ಮಾಫಿ. ನಾಲ್ಕು ವರ್ಷದಿಂದ ಸ್ಟಾಫ್ ರೂಮಿನಲ್ಲಿ "ಮೇಷ್ಟ್ರ ಅಡಿಕೆ ಪುರಾಣ ಶುರುವಾಯ್ತು" ಅಂತ ನಗುತ್ತಿದ್ದವರು ಈಗ ಸ್ವಲ್ಪ ಸುಮ್ಮನಿದ್ದಾರೆ. ಆ ಧೈರ್ಯದ ಮೇಲೆ ಬರೆಯುತ್ತಿದ್ದೇನೆ.

ನಾನು ಸಾಗರದ ಕಡೆ ಪಿಯು ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡುವವನು. ಸಿಇಟಿಗೆ ಕೂರುವವರಿಗೆ ಈ ಗೋಳಿಲ್ಲ. ಅಲ್ಲಿ ಕ್ರೀಡೆ, ಎನ್‌ಸಿಸಿ ಕೋಟಾದಂಥದ್ದು ಬಿಟ್ಟರೆ ನೀನು ಸಂಜೆ ಏನು ಮಾಡುತ್ತೀ ಅಂತ ಯಾರೂ ಕೇಳುವುದಿಲ್ಲ. ಕೆಲವು ಖಾಸಗಿ ವಿಶ್ವವಿದ್ಯಾಲಯಗಳಿಗೆ, ಅಮೆರಿಕಕ್ಕೆ ಹಾಕುವವರಿಗೆ ಮಾತ್ರ ಪಠ್ಯೇತರ ಚಟುವಟಿಕೆಯ ಕಾಲಂ ಬರುತ್ತದೆ. ಅಮೆರಿಕದ ಹಲವು ಕಾಲೇಜುಗಳಿಗೆ ಸೇರಿ ಒಂದೇ ಆನ್‌ಲೈನ್ ಅರ್ಜಿ ಇದೆ, ಕಾಮನ್ ಆಪ್ ಅಂತ. ಅದನ್ನು ತುಂಬಿಸಿದವರಿಗೆ ಆ ಇಕ್ಕಟ್ಟು ಗೊತ್ತೇ ಇದೆ: ಹತ್ತು ಚಟುವಟಿಕೆ, ವಿವರಕ್ಕೆ ತಲಾ 150 ಅಕ್ಷರ, ಪದಗಳ ನಡುವಿನ ಜಾಗವೂ ಲೆಕ್ಕಕ್ಕೆ.

ಮೊದಲ ವರ್ಷ ನಾನೂ ಎಲ್ಲರಂತೆ ಸುಳ್ಳೇ ಬರೆಸಿದೆ. ಸುಳ್ಳು ಅಂದರೆ ಪೂರ್ತಿ ಸುಳ್ಳಲ್ಲ, ಊದಿಸಿದ್ದು. ಬೆಂಗಳೂರಿನ ಒಂದು ಕನ್ಸಲ್ಟೆನ್ಸಿ ನಮ್ಮ ಹುಡುಗನೊಬ್ಬನಿಗೆ ಒಂದೂ ಮುಕ್ಕಾಲು ಲಕ್ಷ ಕೇಳಿತ್ತು. ಅಷ್ಟು ದುಡ್ಡು ಯಾಕೆ, ನಾನೇ ಮಾಡಿಸುತ್ತೇನೆ ಅಂದೆ. ಆನ್‌ಲೈನಿನಲ್ಲಿ ತಲಾ 1,200 ಕೊಟ್ಟು ಮೂರು ಸರ್ಟಿಫಿಕೇಟ್ ತೆಗೆಸಿದೆ. ಒಂದು ಪರಿಸರ ಸಂಘ ಕಟ್ಟಿಸಿದೆ. ಟೀ ಶರ್ಟು 22, ಅದಕ್ಕೇ ನಾಲ್ಕು ಸಾವಿರದ ಹತ್ತಿರ ನನ್ನ ಕೈಯಿಂದಲೇ ಹೋಯಿತು. ಎರಡು ಭಾನುವಾರ ಊರ ಕೆರೆಯ ಅಂಗಳ ಗುಡಿಸಿ ಫೋಟೋ ತೆಗೆದೆವು. ಹುಡುಗ ಸಂಸ್ಥಾಪಕ ಅಧ್ಯಕ್ಷ.

ಸಂದರ್ಶನದಲ್ಲಿ ಒಬ್ಬ ಮೇಡಂ ತುಂಬ ಸಮಾಧಾನದಿಂದ ಕೇಳಿದರಂತೆ. ಕೆರೆಯಿಂದ ಏನು ತೆಗೆದಿರಿ? ತೆಗೆದದ್ದನ್ನು ಎಲ್ಲಿ ಹಾಕಿದಿರಿ? ಮುಂದಿನ ಮಳೆಗಾಲದಲ್ಲಿ ಕೆರೆ ಹೇಗಿತ್ತು? ಹುಡುಗ ಮೊದಲ ಪ್ರಶ್ನೆಗೇ ಬೆವತ. ತಾಳಗುಪ್ಪದ ರೈಲಿನಲ್ಲಿ ರಾತ್ರಿಯಿಡೀ ಕೂತು ವಾಪಸ್ ಬಂದು, "ಸಾರ್, ಅವರಿಗೆ ಗೊತ್ತಾಗಿ ಹೋಯ್ತು" ಅಂದ. ಆ ಟೀ ಶರ್ಟು ಈಗಲೂ ಒಂದಿಬ್ಬರು ತೋಟಕ್ಕೆ ಔಷಧಿ ಹೊಡೆಯುವಾಗ ಹಾಕಿಕೊಳ್ಳುತ್ತಾರೆ.

ಎರಡನೇ ವರ್ಷ ಅದಕ್ಕಿಂತ ದೊಡ್ಡ ತಪ್ಪು ಮಾಡಿದೆ. ಹೊಳೆಯಾಚೆ ತುಮರಿ ಕಡೆಯ ಹುಡುಗಿ. ಆಗಿನ್ನೂ ಸೇತುವೆ ಇರಲಿಲ್ಲ, ಅದು ಓಡಾಟಕ್ಕೆ ತೆರೆದದ್ದು 2025ರ ಜುಲೈನಲ್ಲಿ. ಲಾಂಚು ಹಿಡಿದು, ಬಸ್ಸು ಹಿಡಿದು ಓಡಾಡುವವಳು. ಕಾಲೇಜು ಬಿಟ್ಟ ಮೇಲೆ ಯಾವ ಕ್ಲಬ್ಬು, ಯಾವ ಸ್ಪರ್ಧೆ? ಏನೇನು ಮಾಡ್ತೀಯಮ್ಮಾ ಅಂತ ಕೇಳಿದರೆ "ಎಂತದೂ ಇಲ್ಲ ಸಾರ್" ಅಂದಳು. ಪೆಟ್ಟು ತಿಂದಿದ್ದ ನಾನು, ಇಲ್ಲದ್ದನ್ನು ಬರೆಯುವುದು ಬೇಡ ಅಂತ ಎರಡೇ ಸಾಲು ಬರೆಸಿ ಕಳಿಸಿಬಿಟ್ಟೆ. ಸೀಟು ಸಿಗಲಿಲ್ಲ.

ಆರು ತಿಂಗಳ ಮೇಲೆ ಒಂದು ಮದುವೆ ಮನೆಯ ಪಂಕ್ತಿಯಲ್ಲಿ ಅವಳ ಅಮ್ಮ ಪಕ್ಕದಲ್ಲೇ ಕೂತರು. ಊರ ಹಾಲಿನ ಡೈರಿಯ ಲೆಕ್ಕ ಅವರದ್ದು. ಆದರೆ ಅವರಿಗೆ ಕಣ್ಣು ಮಂಜು. ಮೂರು ವರ್ಷದಿಂದ ಬೆಳಿಗ್ಗೆ ಆರಕ್ಕೆ ಲ್ಯಾಕ್ಟೋಮೀಟರ್ ಹಿಡಿದು ಡಿಗ್ರಿ ನೋಡಿ, ಸುಮಾರು 40 ಮನೆಯ ಹಾಲು ಬರೆದುಕೊಳ್ಳುತ್ತಿದ್ದವಳು ಈ ಹುಡುಗಿಯೇ. ನೀರು ಬೆರೆಸಿದವರ ಹತ್ತಿರ ಜಗಳವನ್ನೂ ಅವಳೇ ಆಡುತ್ತಿದ್ದಳಂತೆ. ನನಗೆ ಹೋಳಿಗೆ ಗಂಟಲಲ್ಲಿ ಇಳಿಯಲಿಲ್ಲ. ಕಾಮನ್ ಆಪ್‌ನಲ್ಲಿ ಮನೆಯ ಜವಾಬ್ದಾರಿ ಅಂತಲೇ ಒಂದು ವಿಭಾಗ ಇದೆ, ಸಂಬಳದ ಕೆಲಸಕ್ಕೆ ಇನ್ನೊಂದು ಇದೆ. ಅದು ನನಗೆ ಗೊತ್ತಿತ್ತು. ಆದರೂ ಕೇಳುವ ರೀತಿ ಗೊತ್ತಿರಲಿಲ್ಲ.

ನಮ್ಮ ಮಲೆನಾಡಿನ ಮಕ್ಕಳ ಕಷ್ಟ ಇದೇ ಅಲ್ವಾ? ಮಾಡದ್ದನ್ನು ಬರೆ ಅಂದರೆ ಹೇಗೋ ಬರೆಯುತ್ತಾರೆ. ಮಾಡಿದ್ದನ್ನು ಹೇಳು ಅಂದರೆ ಬಾಯಿ ಬರುವುದಿಲ್ಲ. ಮನೆ ಕೆಲಸ ಯಾರಾದರೂ ಹೇಳಿಕೊಳ್ಳುವಂಥದ್ದಾ ಅನ್ನುವ ಸಂಕೋಚ.

ಅದಕ್ಕೇ ಈಗ ನಾನು ಪ್ರಶ್ನೆಯನ್ನೇ ಕೇಳುವುದಿಲ್ಲ. ಗೋಡೆಯ ಮೇಲಿನ ಕ್ಯಾಲೆಂಡರ್ ತನ್ನಿ ಅನ್ನುತ್ತೇನೆ. ಬೆಂಗಳೂರು ಪ್ರೆಸ್ಸಿನದಾಗಲಿ, ಸೊಸೈಟಿಯವರು ಕೊಟ್ಟದ್ದಾಗಲಿ. ನಮ್ಮ ಕಡೆ ಮನೆಯ ಇಡೀ ಸಂಸಾರ ಅದರ ಚೌಕದೊಳಗೇ ಇರುತ್ತದೆ. ಆಳು 4. ಹಾಲು ಇಲ್ಲ. ಗ್ಯಾಸ್ ಬಂತು. ಕೊನೆ ಶುರು, ಅಂದರೆ ಅಡಿಕೆ ಗೊನೆಯ ಕೊಯ್ಲು. ಅಜ್ಜಿ ಆಸ್ಪತ್ರೆ. ಹನ್ನೆರಡು ಹಾಳೆ ಮಗುಚುವಷ್ಟರಲ್ಲಿ ಮಗು ತಾನಾಗಿ ಮಾತಾಡುತ್ತದೆ. "ಅವತ್ತು ಅಪ್ಪ ಇರಲಿಲ್ಲ ಸಾರ್, ಕೂಲಿ ನಾನೇ ಕೊಟ್ಟೆ." ಅಷ್ಟು ಸಾಕು, ನಾನು ಪೆನ್ನು ತೆಗೆಯುತ್ತೇನೆ.

ಆಮೇಲೆ ಗಂಟೆ. ಪ್ರತಿ ಚಟುವಟಿಕೆಗೂ ವಾರಕ್ಕೆ ಎಷ್ಟು ಗಂಟೆ, ವರ್ಷಕ್ಕೆ ಎಷ್ಟು ವಾರ ಅಂತ ಅರ್ಜಿಯಲ್ಲಿ ತುಂಬಬೇಕು. ನಾಲ್ಕೂ ವರ್ಷದಲ್ಲಿ ಜಾಸ್ತಿ ಜಗಳ ಆದದ್ದು ಇದರ ಮೇಲೆಯೇ. ಒಬ್ಬ ಹುಡುಗನ ಪಟ್ಟಿ ಕೂಡಿಸಿದರೆ ವಾರಕ್ಕೆ 62 ಗಂಟೆ ಬಂತು. ಕೂತು ಲೆಕ್ಕ ಹಾಕಿಸಿದೆ. ವಾರಕ್ಕೆ ಇರುವುದೇ 168 ಗಂಟೆ. ನಿದ್ದೆಗೆ 56 ಹೋಯಿತು. ಕಾಲೇಜು, ಬಸ್ಸು ಸೇರಿ 54. ಓದಿಗೆ 21. ಊಟ, ಸ್ನಾನ, ಸುಮ್ನೆ ಕೂರುವುದಕ್ಕೆ 17. ಉಳಿದದ್ದು 20. 62ರಲ್ಲಿ ಮಿಕ್ಕ 42 ಗಂಟೆ ಎಲ್ಲಿಂದ ತಂದೆ ಮಾರಾಯ ಅಂದೆ. ಅವನೂ ನಕ್ಕ. ಅವನು ಅಡಿಕೆ ಸುಲಿಯುವುದಕ್ಕೆ ವರ್ಷಕ್ಕೆ 52 ವಾರ ಹಾಕಿದ್ದ! ವರ್ಷವಿಡೀ ಹಸಿ ಅಡಿಕೆ ಸುಲಿಯುವ ತೋಟ ಯಾವ ಊರಲ್ಲಿದೆ? ಕ್ಯಾಲೆಂಡರ್ ನೋಡಿ ತಿದ್ದಿದೆವು. ವಾರಕ್ಕೆ 15 ಗಂಟೆ, ವರ್ಷಕ್ಕೆ 12 ವಾರ. ಕೂಡಿಸಿದರೆ 180 ಗಂಟೆ, ಕಡಿಮೆಯೇನಲ್ಲ. 52ಕ್ಕಿಂತ 12 ಹೆಚ್ಚು ನಂಬಿಕೆ ಹುಟ್ಟಿಸುತ್ತದೆ, ಕೆಲಸಕ್ಕೊಂದು ಸುಗ್ಗಿ ಇದೆ ಅಂತ ಓದುವವರಿಗೂ ತಿಳಿಯುತ್ತದೆ.

ಅವನ ವಿವರದ ಸಾಲು ಮೊದಲು ಹೀಗಿತ್ತು: "ಅಡಿಕೆ ಸಂಸ್ಕರಣಾ ಕ್ಷೇತ್ರದಲ್ಲಿ ನಾಯಕತ್ವ ವಹಿಸಿ ಗ್ರಾಮೀಣ ಮಹಿಳೆಯರ ಸಬಲೀಕರಣ." ಇಂಗ್ಲಿಷಿನಲ್ಲಿ ಏನೋ ಭರ್ಜರಿಯಾಗಿಯೇ ಕೇಳುತ್ತಿತ್ತು. ಅದನ್ನು ಕನ್ನಡ ಮಾಡಿ ಅವನ ಅಮ್ಮನ ಎದುರು ಓದು ಅಂದೆ. ಅವರು ಅಡಿಕೆ ಸುಲಿಯುವ ಮೆಟ್ಟುಗತ್ತಿಯ ಮೇಲೆ ಕೂತಿದ್ದರು. ಅರ್ಧ ಕೇಳಿ, "ಎಂತ ಸಬಲೀಕರಣವಾ? ಇವ ಹತ್ತು ಗಂಟೆಗೇ ತೂಕಡಿಸ್ತಾನೆ ಮೇಷ್ಟ್ರೆ" ಅಂದರು. ಸಾಲು ಅಲ್ಲಿಗೆ ಸತ್ತಿತು. ಬದಲಿಗೆ ಬಂದದ್ದು ಇದು: "ಸುಗ್ಗಿಯಲ್ಲಿ ರಾತ್ರಿ ಅಡಿಕೆ ಸುಲಿಯುವುದು, ಸುಲಿಯುವ 9 ಜನರ ಡಬ್ಬದ ಲೆಕ್ಕ ಬರೆಯುವುದು, ಶನಿವಾರ ಕೂಲಿ ಹಂಚುವುದು." ಇದಕ್ಕೆ ಅಮ್ಮ ತಲೆ ಎತ್ತಲೇ ಇಲ್ಲ. ಅಂದರೆ ಪಾಸು.

ಅವತ್ತಿನಿಂದ ಎಲ್ಲರಿಗೂ ಇದೇ ಪರೀಕ್ಷೆ. ಮೊದಲು ಕನ್ನಡದಲ್ಲಿ ಬರೆ, ಮನೆಯವರ ಎದುರು ಜೋರಾಗಿ ಓದು, ಯಾರೂ ನಗದಿದ್ದರೆ ಇಂಗ್ಲಿಷಿಗೆ ತಾ. ಇಂಗ್ಲಿಷಿನಲ್ಲಿ ಸುಳ್ಳು ಹೇಳುವುದು ನಮಗೆ ಸಲೀಸು. ಕನ್ನಡದಲ್ಲಿ ಅಜ್ಜಿಯ ಮುಂದೆ ಕಷ್ಟ. 150 ಅಕ್ಷರಕ್ಕೆ ಇಳಿಸುವಾಗ ಯಾವ ಪದ ಮೊದಲು ಕಡಿಯಬೇಕು ಅನ್ನುವುದಕ್ಕೆ ನನ್ನದೊಂದು ಕ್ರಮ ಇದೆ, ಅದು ಮಾತ್ರ ನನ್ನ ಹತ್ತಿರವೇ ಇರಲಿ. ಬಿಟ್ಟಿ ಕೆಲಸ ಮಾಡುವವನಿಗೂ ಒಂದು ಗುಟ್ಟು ಬೇಡವಾ?

ಹುದ್ದೆಯ ಹೆಸರಿನ ಹುಚ್ಚು ಬಿಡಿಸುವುದು ಇನ್ನೊಂದು ಕಷ್ಟ. ಯಕ್ಷಗಾನದ ಹುಡುಗನೊಬ್ಬ "ಕಲಾವಿದ" ಅಂತಲೇ ಬರೆಯಬೇಕು ಅಂತ ಹಟ ಹಿಡಿದ. ವಿಚಾರಿಸಿದರೆ ಬಣ್ಣ ಹಚ್ಚಿದ್ದು ಮೂರೇ ಸಲ, ಅದೂ ಬಾಲಗೋಪಾಲನ ವೇಷ. ಉಳಿದಂತೆ ಎರಡು ವರ್ಷ ಅವನಿದ್ದದ್ದು ಚೌಕಿಯಲ್ಲಿ, ಅಂದರೆ ವೇಷ ಕಟ್ಟುವ ಜಾಗದಲ್ಲಿ. ಗೆಜ್ಜೆ ಕಟ್ಟುವುದು, ಆಟ ಮುಗಿದ ಮೇಲೆ ಕಿರೀಟ ಒರೆಸಿ ಪೆಟ್ಟಿಗೆಗೆ ಇಡುವುದು, ಬೆಳಗಿನ ಜಾವ ಲಾರಿಗೆ ಏರಿಸುವುದು. ಅದನ್ನೇ ಬರೆ ಅಂದೆ. ಅವನ ಅಪ್ಪನಿಗೆ ಸಿಟ್ಟು ಬಂತು, ಪೆಟ್ಟಿಗೆ ಹೊರುವವನು ಅಂತ ಬರೆಸ್ತೀರಾ ಅಂತ. ಸಂದರ್ಶನದಲ್ಲಿ ಇಪ್ಪತ್ತು ನಿಮಿಷ ಚೌಕಿಯ ಮೇಲೆಯೇ ಮಾತು ನಡೆಯಿತಂತೆ. ಯಾವ ವೇಷಕ್ಕೆ ಎಷ್ಟು ಹೊತ್ತು ಬೇಕು, ಕರೆಂಟು ಹೋದರೆ ಏನು ಮಾಡುತ್ತೀರಿ ಅಂತೆಲ್ಲ. ಫೀಸು ಮಾಫಿಯಾದ ಇಬ್ಬರಲ್ಲಿ ಅವನೊಬ್ಬ. ಅಪ್ಪ ಒಂದು ಡಬ್ಬ ಜೋನಿ ಬೆಲ್ಲ ತಂದುಕೊಟ್ಟರು.

ನಡುವೆ ಕೆಲವು ಪ್ರಯೋಗವನ್ನೂ ಮಾಡಿದ್ದೇನೆ. ಒಬ್ಬಳದ್ದೇ ಪಟ್ಟಿಯನ್ನು ಎರಡು ರೀತಿ ಬರೆಸಿದೆ. ಒಂದು ಸಪ್ಪೆ, ಒಂದು ಒಗ್ಗರಣೆ ಹಾಕಿದ್ದು. ಎರಡು ಕಡೆ ಕಳಿಸಿದೆವು. ಸಪ್ಪೆಗೆ ಸಂದರ್ಶನಕ್ಕೆ ಕರೆ ಬಂತು, ಒಗ್ಗರಣೆಗೆ ಬರಲಿಲ್ಲ. ಒಂದೇ ಸಲ ಮಾಡಿದ್ದು, ಕಾಲೇಜೂ ಬೇರೆ ಬೇರೆ, ಅದನ್ನು ಪುರಾವೆ ಅನ್ನಲಾರೆ. ಹತ್ತೂ ಸಾಲು ತುಂಬಲೇಬೇಕಾ ಅಂತಲೂ ನೋಡಿದೆ. ಸೀಟು ಸಿಕ್ಕ ಐವರಲ್ಲಿ ಆರಕ್ಕಿಂತ ಹೆಚ್ಚು ತುಂಬಿದವರು ಒಬ್ಬರೇ. ಕಂಪ್ಯೂಟರಿನಿಂದಲೇ ಬರೆಸಿದ್ದೂ ಉಂಟು. ಮೂವರು ಮಕ್ಕಳ ಸಾಲೂ ಅಣ್ಣ ತಮ್ಮಂದಿರ ಹಾಗೆ ಕಂಡವು, ಹರಿದು ಹಾಕಿದೆ.

ನನ್ನ ಖರ್ಚು? ಟೀ ಶರ್ಟೂ ಸೇರಿ ನಾಲ್ಕು ವರ್ಷಕ್ಕೆ ಹದಿಮೂರೋ ಹದಿನಾಲ್ಕೋ ಸಾವಿರ. ಜೆರಾಕ್ಸು, ಫೋನು, ಎರಡು ಸಲ ಬೆಂಗಳೂರಿಗೆ ರೈಲು. ಅಮೆರಿಕದ ಅರ್ಜಿಗೆ ಕೆಲವು ಕಡೆ ಐದಾರು ಸಾವಿರ ಶುಲ್ಕ ಕೇಳುತ್ತಾರೆ. ಕಷ್ಟ ಇರುವವರಿಗೆ ಮಾಫಿ ಇದೆ, ಕೇಳಬೇಕು ಅಷ್ಟೆ. ಮೊದಲ ವರ್ಷ ಕೇಳದೆ ಒಂದು ಮನೆಯವರಿಂದ ಹನ್ನೊಂದು ಸಾವಿರ ಕಟ್ಟಿಸಿದ್ದು ಈಗಲೂ ಚುಚ್ಚುತ್ತದೆ. ಇನ್ನೊಂದು ತೊಂದರೆ ಹೊತ್ತಿನದು. ಅರ್ಜಿಯ ಗಡುವು ನವೆಂಬರಿನಿಂದ ಜನವರಿ, ನಮ್ಮ ಕಡೆ ಕೊನೆ ಕೊಯ್ಲೂ ಆಗಲೇ. ಸುಲಿಯುವುದನ್ನು ಬರೆಯಲು ಸುಲಿಯುವವನಿಗೇ ಪುರುಸೊತ್ತಿಲ್ಲ. ಈಗ ಆಗಸ್ಟಿನಲ್ಲೇ, ಮಳೆ ಹೊಡೆಯುವಾಗಲೇ, ಮನೆ ಮನೆಗೆ ಹೋಗಿ ಪಟ್ಟಿ ಮುಗಿಸುತ್ತೇನೆ.

ಈ ವರ್ಷವೂ ಇಬ್ಬರಿಗೆ ಸಿಗಲಿಲ್ಲ. ಒಬ್ಬನದು ಅಂಕ ಕಡಿಮೆ. ಇನ್ನೊಬ್ಬಳದು ಯಾಕೆ ಅಂತ ನನಗೂ ಹೊಳೆದಿಲ್ಲ. ಅವಳ ಪಟ್ಟಿ ಏಳರಲ್ಲೇ ಚೆನ್ನಾಗಿತ್ತು.

ಮೊನ್ನೆ ನಮ್ಮ ಗಣಿತದ ಮೇಷ್ಟ್ರು ಮಗಳನ್ನು ಕರೆದುಕೊಂಡು ಬಂದರು. ನಗುತ್ತಿದ್ದವರಲ್ಲಿ ಅವರೇ ಮುಂದು. ಹೋದ ವರ್ಷದ ಕ್ಯಾಲೆಂಡರ್ ಇದೆಯಾ ಅಂದೆ. "ಅಯ್ಯೋ, ಹಾಳೆ ಹರಿದು ನೋಟ್ ಬುಕ್ಕಿಗೆಲ್ಲ ಬೈಂಡ್ ಹಾಕಿಬಿಟ್ಟೆವಲ್ಲಾ ಮಾರಾಯ್ರೆ" ಅಂದರು. ಹಾಗಾದರೆ ನೋಟ್ ಬುಕ್ಕು ತನ್ನಿ ಅಂದೆ. ಭಾನುವಾರ ಹನ್ನೊಂದು ತಂದರು. ಮೇ ತಿಂಗಳ ಹಾಳೆ ಮಾತ್ರ ಇನ್ನೂ ಸಿಕ್ಕಿಲ್ಲ.