ಮೂಲೆಯ 90 ಸೆಂಟಿಮೀಟರ್

12 ವರ್ಷದಲ್ಲಿ 11 ತಂಡಗಳಿಗೆ ಬ್ಯಾಸ್ಕೆಟ್‌ಬಾಲ್ ಆಡಿದ್ದೇನೆ. ಯಾವ ತಂಡದಲ್ಲೂ ನಾನು ಮುಖ್ಯ ಆಟಗಾರ ಆಗಿರಲಿಲ್ಲ. ಆದರೂ ಆಡಲು ಬಾ ಅಂತ ತಂಡಗಳಿಂದ ಫೋನ್ ಬರುತ್ತಿತ್ತು. ಏಕೆ ಬರುತ್ತಿತ್ತು, ಅದಕ್ಕಾಗಿ ನಾನು ಏನು ಮಾಡಿದೆ ಅಂತ ಹೇಳುತ್ತೇನೆ.

ನನ್ನ ಎತ್ತರ 6 ಅಡಿ 3 ಇಂಚು. ಮಂಡ್ಯದ ಶಾಲೆಯಲ್ಲಿ ನಾನೇ ಎಲ್ಲರಿಗಿಂತ ಉದ್ದ, ಹಾಗಾಗಿ ರಿಂಗ್ ಕೆಳಗೆ ನಿಲ್ಲಿಸಿದರು. ಬೆಂಗಳೂರಿಗೆ ಬಂದ ಮೇಲೆ ಆ ಜಾಗದಲ್ಲಿ ನನಗಿಂತ ಐದಾರು ಇಂಚು ಎತ್ತರದವರು ನಿಂತಿದ್ದರು. ನಮ್ಮ ದೇಶದಲ್ಲಿ ಈ ಆಟದಿಂದ ಜೀವನ ನಡೆಯಬೇಕು ಅಂದರೆ ರೈಲ್ವೆ, ಸೇನೆ, ಪೊಲೀಸ್ ಅಥವಾ ಬ್ಯಾಂಕಿನಲ್ಲಿ ಕ್ರೀಡಾ ಕೋಟಾದ ಕೆಲಸ ಸಿಗಬೇಕು. ನಾನು ಒಂದು ಸಂಸ್ಥೆಯ ತಂಡದಲ್ಲಿ ಎರಡು ವರ್ಷ ಸ್ಟೈಪೆಂಡ್ ಮೇಲೆ ಆಡಿದೆ. ಮುಂದಿನ ವರ್ಷ ಪೋಸ್ಟ್ ಗ್ಯಾರಂಟಿ ಅಂದಿದ್ದರು. ಆಗಲಿಲ್ಲ. 23ನೇ ವಯಸ್ಸಿಗೆ ಕೆಲಸವೂ ಇಲ್ಲ, ತಂಡವೂ ಇಲ್ಲ. ಆ ಸಿಟ್ಟು ಇಳಿಯೋಕೆ ತುಂಬಾ ದಿನ ಹಿಡಿಯಿತು.

ಅದೇ ಸಮಯಕ್ಕೆ ಆಟದ ನಿಯಮವೂ ಬದಲಾಗಿತ್ತು. 2010ರಲ್ಲಿ ಮೂರು ಪಾಯಿಂಟ್ ಗೆರೆ (ಇದರ ಹೊರಗಿನಿಂದ ಹಾಕಿದರೆ ಎರಡರ ಬದಲು ಮೂರು ಪಾಯಿಂಟ್) ರಿಂಗಿನಿಂದ 6.25 ಮೀಟರ್‌ನಿಂದ 6.75ಕ್ಕೆ ಹೋಯಿತು. ಅರ್ಧ ಮೀಟರ್ ತಾನೇ ಅನ್ನಿಸಬಹುದು. ಆದರೆ ಗೆರೆಯ ಹೊರಗಿನಿಂದ ಹಾಕುವವನೊಬ್ಬ ಇದ್ದರೆ ಎದುರಾಳಿ ಅಷ್ಟು ದೂರ ಓಡಿ ಬರಬೇಕು, ಒಳಗೆ ಜಾಗ ತೆರೆದುಕೊಳ್ಳುತ್ತದೆ. ಅಂಥವನಿಗೆ ಬೇಡಿಕೆ ಜಾಸ್ತಿ ಆಯಿತು. ನಾನು ಅಳತೆ ತೆಗೆದುಕೊಂಡು ಕೂತೆ. ಮೂಲೆಯಲ್ಲಿ ಆ ಗೆರೆ ಕೋರ್ಟಿನ ಅಂಚಿಗೆ ಸಮಾನಾಂತರವಾಗಿ ನೇರ ಹೋಗುತ್ತದೆ. ಅಲ್ಲಿ ರಿಂಗಿಗೆ ದೂರ 6.60 ಮೀಟರ್ ಅಷ್ಟೇ. 15 ಸೆಂಟಿಮೀಟರ್ ಲಾಭ! ಆದರೆ ನಿಲ್ಲಲು ಸಿಗುವುದು ಬರೀ 90 ಸೆಂಟಿಮೀಟರ್ ಪಟ್ಟಿ. ಹಿಮ್ಮಡಿ ಸ್ವಲ್ಪ ಹಿಂದೆ ಹೋದರೆ ಔಟ್, ಬೆರಳು ಮುಂದೆ ಹೋದರೆ ಎರಡೇ ಪಾಯಿಂಟ್.

ಒಂದು ಬೇಸಿಗೆ ಪೂರ್ತಿ ಆ ಪಟ್ಟಿಯಲ್ಲೇ ಕಳೆದೆ. ಬೆಳಗ್ಗೆ ಎರಡೂ ಮೂಲೆಯಿಂದ 150 ಶಾಟ್, ಸಂಜೆ ಇನ್ನು 150. ಮೊದಲು ನಿಂತು ಹಾಕಿದೆ. ಆಮೇಲೆ ಓಡಿ ಬಂದು, ಕೆಳಗೆ ನೋಡದೆ ಕಾಲಿಟ್ಟು ಹಾಕಿದೆ. ಅಷ್ಟು ದಿನ ರಿಂಗ್ ಕೆಳಗೆ ಆಡಿದವನಿಗೆ ಇದು ಬೇರೆಯದೇ ಆಟ. ತೋಳಿಗಿಂತ ಕಾಲಿಗೆ ಜಾಸ್ತಿ ಕಲಿಸಬೇಕಾಯಿತು.

ಆಮೇಲೆ ಗೆಸ್ಟ್ ಪ್ಲೇಯರ್ ಆಗಿ, ಅಂದರೆ ಒಂದು ಟೂರ್ನಿಗಷ್ಟೇ ಬೇರೆ ತಂಡ ಸೇರುವವನಾಗಿ, ತಿರುಗಾಟ ಶುರು. ಕೊಯಮತ್ತೂರಿನ ನಾಚಿಮುತ್ತು ಗೌಂಡರ್ ಕಪ್, ಮೇ ತಿಂಗಳ ಪೆರಿಯಕುಳಂ ಟೂರ್ನಿ. ತಮಿಳುನಾಡಿನ ಆ ಸಣ್ಣ ಊರಿನಲ್ಲಿ ರಾತ್ರಿ ಲೈಟಿನ ಕೆಳಗೆ ಮ್ಯಾಚ್ ನೋಡಲು ಸೇರುವ ಜನರನ್ನು ನೋಡಿದರೆ ಮೈ ಜುಮ್ ಅನ್ನುತ್ತದೆ. ಆದರೆ ಗೆಸ್ಟ್ ಆದವನಿಗೆ ತಂಡದ ಜೊತೆ ಸಿಗುವುದು ಒಂದೋ ಎರಡೋ ಪ್ರ್ಯಾಕ್ಟೀಸ್. ಬಸ್ ಇಳಿದ ಕೂಡಲೇ ನಾನು ಚೆಂಡು ತಂದು ಆಟ ನಡೆಸುವ ಪಾಯಿಂಟ್ ಗಾರ್ಡ್ ಪಕ್ಕ ಕೂರುತ್ತಿದ್ದೆ. ಅವನು ಸ್ಕ್ರೀನ್, ಅಂದರೆ ಎದುರಾಳಿಗೆ ಅಡ್ಡ ನಿಲ್ಲುವ ಜೊತೆಗಾರನನ್ನು ಬಳಸಿ ಯಾವ ಕಡೆ ಹೋಗುತ್ತಾನೆ? ಮುಖ್ಯ ಸ್ಕೋರರ್‌ಗೆ ಚೆಂಡು ಎದೆಗೆ ಬೇಕಾ, ಸೊಂಟಕ್ಕೆ ಬೇಕಾ? ಇಷ್ಟು ತಿಳಿದರೆ ಅರ್ಧ ಕೆಲಸ ಆದಂತೆ. ಅವರ ಆಟಗಳನ್ನು ಒಂದು ಸಣ್ಣ ನೋಟ್‌ಬುಕ್‌ನಲ್ಲಿ ಬರೆದು, ಊಟ ಮಾಡುತ್ತಾ ನೋಡುತ್ತಿದ್ದೆ.

ಉಳಿದ ಅರ್ಧ ಕೆಲಸ ಮಾತು. ಡಿಫೆನ್ಸ್‌ನಲ್ಲಿ ಬಾಯಿ ಮುಚ್ಚಿಕೊಂಡು ಆಡುವವನನ್ನು ಮತ್ತೆ ಯಾರೂ ಕರೆಯುವುದಿಲ್ಲ. ಸಾಮಾನ್ಯವಾಗಿ ‘ಸ್ಕ್ರೀನ್ ಲೆಫ್ಟ್’, ‘ಸ್ಕ್ರೀನ್ ರೈಟ್’ ಅಂತಲೇ ಕೂಗುತ್ತೇವೆ. ಆದರೆ ಕೊನೆಯ ಎರಡು ನಿಮಿಷದ ಒತ್ತಡದಲ್ಲಿ ಎಲ್ಲರ ಬಾಯಿಗೂ ಬರುವುದು ತಾಯ್ನುಡಿ ಅಲ್ವಾ? ಅದಕ್ಕೇ ‘ಪಿನ್ನಾಡಿ’, ‘ವೆನಕ’, ‘ಪೀಛೆ’ ಕಲಿತೆ. ಮೂರಕ್ಕೂ ಅರ್ಥ ‘ಹಿಂದೆ’. ನನ್ನ ಕೂಗಿಗೆ ಗೊತ್ತೇ ಇಲ್ಲದ ಹುಡುಗನೊಬ್ಬ ತಿರುಗಿ ತನ್ನ ಹಿಂದೆ ನುಗ್ಗುವವನನ್ನು ತಡೆದಾಗ, ನಾನೇ ಬಾಸ್ಕೆಟ್ ಹಾಕಿದಷ್ಟು ಖುಷಿ ಆಗುತ್ತಿತ್ತು.

2015ರಲ್ಲಿ ಯುಬಿಎ ಅನ್ನುವ ಭಾರತದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗ್ ಶುರುವಾಯಿತು. ಎಂಟು ತಂಡ, ಬೆಂಗಳೂರಿಗೂ ಒಂದು. ನಾನು ಮೊದಲ ಸಲ ಕಾಂಟ್ರಾಕ್ಟ್‌ಗೆ ಸಹಿ ಹಾಕಿದ್ದು ಆಗಲೇ. ಅದೇ ವರ್ಷ ಜೂನ್‌ನಲ್ಲಿ ಪಂಜಾಬಿನ ಸತ್ನಾಮ್ ಸಿಂಗ್ ಅವರನ್ನು ಅಮೆರಿಕದ ದೊಡ್ಡ ಲೀಗ್ ಆದ ಎನ್‌ಬಿಎಯ ಡಲ್ಲಾಸ್ ತಂಡ, ಹೊಸ ಆಟಗಾರರನ್ನು ಆರಿಸುವ ಡ್ರಾಫ್ಟ್‌ನಲ್ಲಿ 52ನೇ ಆಯ್ಕೆಯಾಗಿ ತೆಗೆದುಕೊಂಡಿತು. ನಮಗೆಲ್ಲ ಬಾಗಿಲು ತೆರೆಯಿತು ಅನ್ನಿಸಿತು. ಆದರೆ ನಾಲ್ಕು ಸೀಸನ್ ಆಡಿ, 2017ರ ನಂತರ ಯುಬಿಎ ನಿಂತಿತು. ನನ್ನಂಥ ಎಷ್ಟೋ ಜನ ಮತ್ತೆ ಬಸ್ ಹತ್ತಿದೆವು.

ಅಷ್ಟರಲ್ಲಿ ಮಂಡಿ ನೋವು ಬಂದಿತ್ತು. ಸಿಮೆಂಟ್ ಕೋರ್ಟ್ ಮೇಲೆ ವರ್ಷಗಟ್ಟಲೆ ಜಿಗಿದರೆ ಮಂಡಿ ಚಿಪ್ಪಿನ ಕೆಳಗೆ ಸೂಜಿ ಚುಚ್ಚಿದ ಹಾಗೆ ಆಗುತ್ತದೆ. ಸ್ಪ್ರೇ ಹೊಡೆದು ಆಡುವುದು ದೊಡ್ಡ ತಪ್ಪು, ಅದನ್ನು ನಾನು ಎರಡು ವರ್ಷ ಮಾಡಿದೆ. ಕೊನೆಗೆ ಒಬ್ಬ ಫಿಸಿಯೋ ಹೇಳಿಕೊಟ್ಟಂತೆ ಗೋಡೆಗೆ ಬೆನ್ನು ಕೊಟ್ಟು, ಮಂಡಿ ಮಡಿಸಿ 45 ಸೆಕೆಂಡ್ ಕೂರುತ್ತಿದ್ದೆ. ಹೀಗೆ ಐದು ಸಲ. ಆಮೇಲೆ ನಿಧಾನವಾಗಿ ಭಾರ ಎತ್ತುವುದು. ಮ್ಯಾಚ್ ದಿನವೂ ಬಿಡಲಿಲ್ಲ. ನೋವು ಪೂರ್ತಿ ಹೋಗಲಿಲ್ಲ, ಆದರೆ ಇನ್ನೂ ನಾಲ್ಕು ವರ್ಷ ಆಡಿದೆ.

ಈಗ ಬೆಳಗ್ಗೆ ಆರಕ್ಕೆ ಶಾಲಾ ಮಕ್ಕಳಿಗೆ ಕೋಚಿಂಗ್ ಮಾಡುತ್ತೇನೆ. ಉದ್ದ ಇರುವ ಹುಡುಗರಿಂದಲೂ ಮೂಲೆಯಿಂದ ಶಾಟ್ ಹಾಕಿಸುತ್ತೇನೆ. ಡಿಫೆನ್ಸ್ ಡ್ರಿಲ್‌ನಲ್ಲಿ ಯಾರಾದರೂ ಸುಮ್ಮನಾದರೆ ವಿಷಲ್ ಊದಿ ಮೊದಲಿನಿಂದ ಶುರು ಮಾಡಿಸುತ್ತೇನೆ. ಹೋದ ವಾರ ಒಬ್ಬ ಸಣ್ಣ ಹುಡುಗಿ, ಬಂದು ಎರಡು ತಿಂಗಳು ಮಾತೇ ಆಡದವಳು, ಗಂಟಲು ಹರಿಯುವ ಹಾಗೆ ‘ಹಿಂದೆ, ಹಿಂದೆ!’ ಅಂತ ಕೂಗಿದಳು. ನಾನು ಆಟ ನಿಲ್ಲಿಸಿ ಚಪ್ಪಾಳೆ ತಟ್ಟಿದೆ.